ಸ್ಯಾಂಕಿಗಳ ಬಗ್ಗೆ ಬರೆದ ತಂಗಿಗೆ

ಪ್ರೀತಿಯ ತಂಗಿ,

ಸ್ಯಾಂಕಿ ಅನ್ನುವ ಅಡ್ಡಹೆಸರಿನವರ ಬಗ್ಗೆ ನೀನು ಬರೆದ ಲೇಖನ ಓದಿದೆ. ಜೊತೆಗಿದ್ದ ಕಾಗದವನ್ನೂ ಓದಿದೆ. ಎರಡು ಪತ್ರಿಕೆಯವರು ವಾಪಸ್ ಕಳಿಸಿದರು, ಇನ್ನು ಬರೆಯುವುದೇ ಬೇಡ ಅನ್ನಿಸಿದೆ ಅಂತ ಹೇಳಿದ್ದೀಯ. ಲೇಖನಕ್ಕಿಂತ ಆ ಕಾಗದ ಎಷ್ಟೋ ಚೆನ್ನಾಗಿದೆ. ಅದರಲ್ಲಿ ನಿನ್ನ ದನಿ ಕೇಳಿಸುತ್ತದೆ. ಲೇಖನದಲ್ಲಿ ಯಾರ ದನಿಯೂ ಇಲ್ಲ.

ಬರೆಯುವುದನ್ನು ಬಿಡಬೇಡ. ಆ ಮಾತು ಇಲ್ಲಿಗೇ ಮುಗಿಯಲಿ. ಎಷ್ಟು ಪದ ಇರಬೇಕು, ಯಾವ ಪತ್ರಿಕೆಗೆ ಕಳಿಸಬೇಕು, ಫೋಟೋ ಹಾಕಬೇಕಾ ಅಂತೆಲ್ಲ ಕೇಳಿದ್ದೀಯಲ್ಲ, ಅದಕ್ಕೆ ನಾನು ಉತ್ತರ ಕೊಡುವುದಿಲ್ಲ. ಬರೆಯುತ್ತಾ ಹೋದರೆ ಅದೆಲ್ಲ ತಾನಾಗೇ ಗೊತ್ತಾಗುತ್ತದೆ. ಹೇಳಬೇಕಾದದ್ದು ಬೇರೆ ಇದೆ, ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ವಿಷಯ ಒಳ್ಳೆಯದನ್ನೇ ಹಿಡಿದಿದ್ದೀಯ. ಮಲ್ಲೇಶ್ವರದ ಪಕ್ಕದ ಸ್ಯಾಂಕಿ ಕೆರೆ ನೋಡಿ, ಸ್ಯಾಂಕಿ ಅಂದರೆ ಯಾರು, ಆ ಅಡ್ಡಹೆಸರು ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದೆ. ಇಂಗ್ಲೆಂಡಿನ ಗ್ರೇಟ್ ಸ್ಯಾಂಕಿ ಎಂಬ ಊರು ಸಿಕ್ಕಿತು. ಹಿಂದೆ ಲ್ಯಾಂಕಾಶೈರ್‌ಗೆ ಸೇರಿತ್ತು, ಈಗ ಚೆಷೈರ್‌ನ ವಾರಿಂಗ್ಟನ್ನಿನ ಭಾಗ. ಅಲ್ಲಿಂದ ಬೇರೆ ಕಡೆ ಹೋದವರನ್ನು ಆ ಊರಿನ ಹೆಸರಿನಿಂದಲೇ ಕರೆದರು ಅಂತ ಎರಡು ಪುಟ ವಿವರಿಸಿದ್ದೀಯ. ನಮ್ಮ ಓದುಗರಿಗೆ ಇದನ್ನು ಇಷ್ಟು ಬಿಡಿಸಿ ಹೇಳಬೇಕಿಲ್ಲ. ಹುನಗುಂದ, ಸವದತ್ತಿ ಅಂತ ಅಡ್ಡಹೆಸರು ಇರುವವರು ಓದುತ್ತಾರೆ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ, ಹೆಸರಿನ ಮುಂದಿರುವ ಮೋಕ್ಷಗುಂಡಂ ಆಂಧ್ರದ ಊರು ಅನ್ನುವುದು ಶಾಲೆಯ ಮಕ್ಕಳಿಗೂ ಗೊತ್ತು. ಅರ್ಧ ಪ್ಯಾರಾದಲ್ಲಿ ಮುಗಿಸು.

ಆಮೇಲೆ ನಾಲ್ಕು ಜನ ಸ್ಯಾಂಕಿಗಳನ್ನು ಸಾಲಾಗಿ ನಿಲ್ಲಿಸಿದ್ದೀಯ. ಹುಟ್ಟಿದ್ದು, ತೀರಿಕೊಂಡದ್ದು, ಬಂದ ಬಿರುದು, ಮುಂದಿನವರು. ಕೆರೆಯ ರಿಚರ್ಡ್ ಸ್ಯಾಂಕಿ, ಅಮೆರಿಕದ ಹಾಡುಗಾರ ಐರಾ ಸ್ಯಾಂಕಿ ಇಬ್ಬರೂ 1908ರಲ್ಲಿ ತೀರಿಕೊಂಡರು, ಇದು ವಿಧಿಯ ಆಟವಲ್ಲದೆ ಮತ್ತೇನು ಅಂತ ಬೇರೆ ಬರೆದಿದ್ದೀಯ. ವಿಧಿಯೂ ಇಲ್ಲ, ಏನೂ ಇಲ್ಲ. ಆ ಸಾಲು ತೆಗೆದುಬಿಡು.

ನಾನು ಯಾರು ಸಿಕ್ಕರೂ ಹೇಳುವುದು ಒಂದೇ ಮಾತು. ಒಬ್ಬ ಮನುಷ್ಯನ ಬಗ್ಗೆ ಬರೆಯುವ ಮೊದಲು ಆ ಮನುಷ್ಯ ಕೈಯಾರೆ ಬರೆದದ್ದನ್ನು ಓದು. ಬೇರೆಯವರು ಅವನ ಬಗ್ಗೆ ಬರೆದದ್ದು ಆಮೇಲೆ. ನಿನ್ನ ನಾಲ್ಕು ಸ್ಯಾಂಕಿಗಳೂ ಏನಾದರೂ ಬರೆದಿಟ್ಟೇ ಹೋಗಿದ್ದಾರೆ. ಅದರಲ್ಲಿ ಒಂದು ಸಾಲನ್ನೂ ನೀನು ಓದಿಲ್ಲ. ಓದಿದ್ದರೆ, 'ನಾಡಿಗೆ ಕೆರೆ ಕಟ್ಟುವುದನ್ನು ಕಲಿಸಿದ ಬಿಳಿಯ ಎಂಜಿನಿಯರ್' ಅಂತ ರಿಚರ್ಡ್ ಸ್ಯಾಂಕಿ ಬಗ್ಗೆ ಬರೆಯಲು ನಿನಗೆ ಕೈ ಬರುತ್ತಿರಲಿಲ್ಲ.

ಯಾಕೆ ಅಂತ ಕೇಳು. ಈ ಮನುಷ್ಯ 1829ರಲ್ಲಿ ಐರ್ಲೆಂಡಿನ ಟಿಪ್ಪರರಿಯಲ್ಲಿ ಹುಟ್ಟಿದವನು. ಮದ್ರಾಸ್ ಎಂಜಿನಿಯರ್ಸ್ ಸೇರಿ, 1860ರ ದಶಕದಲ್ಲಿ ಮೈಸೂರಿಗೆ ಬಂದು ಚೀಫ್ ಎಂಜಿನಿಯರ್ ಆದ. ಆಗಿನ್ನೂ ಮೇಜರ್. ಮೈಸೂರು ಸೀಮೆಯ ನೀರಿನ ಲೆಕ್ಕ ಹಾಕಿ ಅವನು ಬರೆದ ಮಾತುಗಳು ಇವತ್ತಿಗೂ ಸಿಗುತ್ತವೆ, ನೀರಾವರಿಯ ಬಗ್ಗೆ ಬರೆದವರು ಎಷ್ಟೋ ಜನ ಅದನ್ನು ಎತ್ತಿ ಹೇಳಿದ್ದಾರೆ. ಮೈಸೂರಿನ ವಿಸ್ತೀರ್ಣ 27,269 ಚದರ ಮೈಲಿ. ಅದರಲ್ಲಿ ಹೆಚ್ಚುಕಡಿಮೆ ಶೇ 60ರಷ್ಟು ನೆಲವನ್ನು ಇಲ್ಲಿನ ಜನ ತಾಳ್ಮೆಯಿಂದ ದುಡಿದು ದುಡಿದು ಕೆರೆಗಳ ವ್ಯವಸ್ಥೆಗೆ ತಂದಿದ್ದಾರೆ ಅನ್ನುತ್ತಾನೆ. ಎಷ್ಟರ ಮಟ್ಟಿಗೆ ಅಂದರೆ, ಈ ಭಾಗದಲ್ಲಿ ಹೊಸ ಕೆರೆಗೆ ಜಾಗ ಹುಡುಕಬೇಕಾದರೆ ಬಹಳ ಜಾಣತನ ಬೇಕು. ಹಾಳಾದದ್ದನ್ನು ದುರಸ್ತಿ ಮಾಡಬಹುದು, ಹೊಸದು ಕಟ್ಟಿದರೆ ಅದೇ ಹಳ್ಳದ ಕೆಳಗಿನ ಇನ್ನೊಂದು ಕೆರೆಗೆ ನೀರು ತಪ್ಪುವುದು ಹೆಚ್ಚುಕಡಿಮೆ ಖಂಡಿತ ಅನ್ನುತ್ತಾನೆ.

ಇನ್ನೊಂದು ಸಲ ಓದು ತಂಗಿ. ನಮ್ಮ ಊರಿನಲ್ಲಿ ಯಾರ ಹೆಸರಿನ ಕೆರೆ ಇದೆಯೋ ಅವನೇ, ಇಲ್ಲಿ ಹೊಸ ಕೆರೆಗೆ ಜಾಗವೇ ಉಳಿದಿಲ್ಲ, ಅಷ್ಟು ಚೆನ್ನಾಗಿ ಕಟ್ಟಿಬಿಟ್ಟಿದ್ದಾರೆ ಅಂತ ಬರೆದವನು. ಅಂಥವನ ಹೆಸರಿನ ಕೆರೆ 1882ರಲ್ಲಿ ಯಾಕೆ ಬಂತು? 1876ರಿಂದ 78ರವರೆಗಿನ ದೊಡ್ಡ ಬರ ನಡುವೆ ಬಂದು ಹೋಗಿತ್ತು. ಬೆಂಗಳೂರಿಗೆ ಕುಡಿಯುವ ನೀರಿನ ಚಿಂತೆ ಹತ್ತಿತ್ತು. ಈ ಕೆರೆಯನ್ನು ಮಿಲ್ಲರ್ ಕೆರೆಗೆ, ಧರ್ಮಾಂಬುಧಿ ಕೆರೆಗೆ ಜೋಡಿಸಿದರು. ಪಕ್ಕದಲ್ಲಿ ಸರ್ಕಾರದ ಗಂಧದ ಡಿಪೋ ಇದ್ದದ್ದರಿಂದ ಜನ ಗಂಧದಕೋಟಿ ಕೆರೆ ಅಂತಲೂ ಕರೆದರು. ಮೇಜರ್ ಬರೆದ ಮಾತು ಒಂದು ಕಡೆ, ಬರ ಒಂದು ಕಡೆ, ಕೆರೆ ಒಂದು ಕಡೆ. ನಿನ್ನ ಲೇಖನ ಇರುವುದು ಇಲ್ಲಿ. ನೀನು ಇದನ್ನೆಲ್ಲ ದಾಟಿಕೊಂಡು, ಅವನು ಕಬ್ಬನ್ ಪಾರ್ಕ್ ಮಾಡಿಸಿದ 1870ನೇ ಇಸವಿಗೆ ಹೋಗಿ, ಅಲ್ಲಿಂದ ಇನ್ನೊಬ್ಬ ಸ್ಯಾಂಕಿಗೆ ಹಾರಿಬಿಟ್ಟೆ. ಓದುತ್ತಾ ನನಗೆ ಸಂಕಟವಾಯಿತು.

ಶಕ್ತಿಯ ಲೆಕ್ಕ ತೋರಿಸುವ ಸ್ಯಾಂಕಿ ಚಿತ್ರವನ್ನೂ ಕೆರೆಯ ಸ್ಯಾಂಕಿಯೇ ಬರೆದ ಅಂತ ಹಾಕಿದ್ದೀಯಲ್ಲ, ಅದು ತಪ್ಪು. ಅದನ್ನು ಬರೆದವನು ನಿನ್ನ ನಾಲ್ವರಲ್ಲೇ ಇನ್ನೊಬ್ಬ, ಕ್ಯಾಪ್ಟನ್ ಮ್ಯಾಥ್ಯೂ ಹೆನ್ರಿ ಫಿನಿಯಸ್ ರಿಯಾಲ್ ಸ್ಯಾಂಕಿ. ಅವನೂ ಟಿಪ್ಪರರಿಯವನು, ಸೈನ್ಯದ ಎಂಜಿನಿಯರ್, ಅದಕ್ಕೇ ಎಲ್ಲರಿಗೂ ಗೊಂದಲ. 1898ರ ಆ ಚಿತ್ರವನ್ನು ಒಮ್ಮೆ ತೆಗೆದು ನೋಡು. ಒಂದು ಉಗಿ ಎಂಜಿನ್. ಕಲ್ಲಿದ್ದಲಿನ ಶಾಖ ಅಗಲವಾದ ಪಟ್ಟಿಯಾಗಿ ಒಳಗೆ ಬರುತ್ತದೆ. ದಾರಿಯಲ್ಲಿ ಎಲ್ಲೆಲ್ಲಿ ಶಾಖ ಸೋರಿಹೋಗುತ್ತದೋ ಅಲ್ಲಲ್ಲಿ ಪಟ್ಟಿ ಕವಲೊಡೆಯುತ್ತದೆ, ಎಷ್ಟು ಸೋರಿತೋ ಅಷ್ಟೇ ಅಗಲದ ಕವಲು. ಕೊನೆಯಲ್ಲಿ ಕೆಲಸಕ್ಕೆ ಬಂದದ್ದು ಸಣ್ಣದೊಂದು ಪಟ್ಟಿ. ಪಕ್ಕದಲ್ಲೇ ಏನೂ ದೋಷವಿಲ್ಲದ ಎಂಜಿನ್ ಹೇಗಿರುತ್ತಿತ್ತು ಅನ್ನುವ ಇನ್ನೊಂದು ಚಿತ್ರ. ಪೋಲಾದದ್ದನ್ನು ಮುಚ್ಚಿಡದೆ ಅಳತೆ ಹಾಕಿ ತೋರಿಸಿದ ಮನುಷ್ಯ ಅವನು. ನನಗೆ ಅವನ ಮೇಲೆ ಬಹಳ ಗೌರವ. ಆದರೆ ನಿನ್ನ ಲೇಖನಕ್ಕೆ ಅವನು ಬೇಡ.

ಐರಾ ಸ್ಯಾಂಕಿಯೂ ಬೇಡ. ಆ ಹೆಸರು ಕಂಡರೆ ನನಗೆ ಹಳೆಯ ಸಿಟ್ಟು ಬರುತ್ತದೆ, ಆ ಹಾಡುಗಾರನ ಮೇಲಲ್ಲ. ಪೆನ್ಸಿಲ್ವೇನಿಯಾದವನು, ಮೂಡಿ ಎಂಬ ಕ್ರೈಸ್ತ ಧರ್ಮಪ್ರಚಾರಕನ ಜೊತೆ 1873ರಲ್ಲಿ ಬ್ರಿಟನ್ನಿಗೆ ಹೋಗಿ ಹಾರ್ಮೋನಿಯಂ ಮುಂದೆ ಕೂತು ಸಾವಿರಾರು ಜನರ ಎದುರು ಹಾಡಿದ, ರೈಲಿನಲ್ಲಿ ಓದಿದ ಪೇಪರಿನಿಂದ ಒಂದು ಪದ್ಯ ಕತ್ತರಿಸಿಟ್ಟುಕೊಂಡು ಎಡಿನ್‌ಬರದ ಸಭೆಯಲ್ಲಿ ಆ ಕ್ಷಣದಲ್ಲೇ ಅದಕ್ಕೆ ರಾಗ ಕೂರಿಸಿದ. ಇದನ್ನು ಅವನೇ ಹೇಳಿಕೊಂಡಿದ್ದಾನೆ. ನಾನು ಚಿಕ್ಕವನಿದ್ದಾಗ ಒಂದು ವಾರಪತ್ರಿಕೆಗೆ ಬೆಂಗಳೂರಿನ ಕೆರೆಗಳ ಬಗ್ಗೆ ಬರೆದುಕೊಟ್ಟಿದ್ದೆ. ಅಲ್ಲಿನ ಸಂಪಾದಕರು ನನ್ನನ್ನು ಒಂದು ಮಾತೂ ಕೇಳದೆ, ಸ್ವಲ್ಪ ಸ್ವಾರಸ್ಯ ಇರಲಿ ಅಂತ, ಕೆರೆ ಕಟ್ಟಿಸಿದವನ ತಮ್ಮನೇ ಈ ಪ್ರಸಿದ್ಧ ಹಾಡುಗಾರ ಅನ್ನುವ ಸಾಲನ್ನು ನಡುವೆ ಸೇರಿಸಿ ಅಚ್ಚು ಹಾಕಿಬಿಟ್ಟರು. ಕೇಳಲು ಹೋದರೆ, 'ಅಡ್ಡಹೆಸರು ಒಂದೇ ಅಲ್ವಾ, ಯಾರಿಗೆ ಗೊತ್ತಾಗುತ್ತೆ ಬಿಡಿ' ಅಂದರು. ಆ ಲೇಖನಕ್ಕೆ ಬಂದ ಹೊಗಳಿಕೆಯೆಲ್ಲ ಆ ಒಂದು ಸಾಲಿಗೇ ಬಂತು. ತಿದ್ದುಪಡಿ ಹಾಕಲೇ ಇಲ್ಲ. ಆ ಸಂಪಾದಕರು ಈಗಿಲ್ಲ, ಸಿಟ್ಟು ಮಾತ್ರ ಹೋಗಿಲ್ಲ. ಒಂದೇ ಅಡ್ಡಹೆಸರು ಅಂತ ಇಬ್ಬರನ್ನು ಅಣ್ಣತಮ್ಮಂದಿರು ಮಾಡುವುದು ನನ್ನ ಮಟ್ಟಿಗೆ ಕಳ್ಳತನ. ಇಬ್ಬರ ಅಪ್ಪಂದಿರನ್ನೂ ಕದ್ದಹಾಗೆ.

ಲಾರ್ಡ್ ಸ್ಯಾಂಕಿಗೆ ನೀನು ನಾಲ್ಕೇ ಸಾಲು ಕೊಟ್ಟಿದ್ದೀಯ, ಅದರಲ್ಲೂ ಎರಡು ಬರೀ ಬಿರುದು. 1929ರಿಂದ 35ರವರೆಗೆ ಬ್ರಿಟನ್ನಿನ ಲಾರ್ಡ್ ಚಾನ್ಸಲರ್, ಅಂದರೆ ಆಗ ಅಲ್ಲಿನ ನ್ಯಾಯಾಂಗಕ್ಕೇ ಮುಖ್ಯಸ್ಥನಾದ ಮಂತ್ರಿ ಆಗಿದ್ದ ಜಾನ್ ಸ್ಯಾಂಕಿ. ಅವನು ಬರೆದ ತೀರ್ಪು ಓದು. ವುಲ್ಮಿಂಗ್ಟನ್ ಎಂಬ 21 ವರ್ಷದ ಕೂಲಿ ಹುಡುಗ. ಹೆಂಡತಿ ಮುನಿಸಿಕೊಂಡು ತವರಿಗೆ ಹೋಗಿದ್ದಾಳೆ. ಅವನು ಕೋವಿ ಕೋಟಿನೊಳಗೆ ಇಟ್ಟುಕೊಂಡು ಹೋಗುತ್ತಾನೆ, ಗುಂಡು ಹಾರುತ್ತದೆ, ಅವಳು ಸಾಯುತ್ತಾಳೆ. ನಾನೇ ಸಾಯುತ್ತೇನೆ ಅಂತ ಹೆದರಿಸಲು ಹೋಗಿದ್ದೆ, ಅದು ಅಕಸ್ಮಾತ್ ಹಾರಿತು ಅನ್ನುತ್ತಾನೆ. ಅಕಸ್ಮಾತ್ ಅಂತ ಸಾಬೀತು ಮಾಡುವ ಹೊಣೆ ಹುಡುಗನದೇ ಅಂತ ಕೆಳಗಿನ ಜಡ್ಜ್ ಜ್ಯೂರಿಗೆ ಹೇಳಿದರು. ಗಲ್ಲು ಶಿಕ್ಷೆ ಆಯಿತು. 1935ರಲ್ಲಿ ಸ್ಯಾಂಕಿ ಅದನ್ನು ತಳ್ಳಿಹಾಕಿ, ತಪ್ಪು ಮಾಡಿದ್ದಾನೆ ಅಂತ ತೋರಿಸಬೇಕಾದವರು ಆರೋಪ ಹೊರಿಸಿದವರು, ಇಂಗ್ಲೆಂಡಿನ ಅಪರಾಧ ಕಾನೂನಿನ ಉದ್ದಕ್ಕೂ ಕಾಣುವ ಬಂಗಾರದ ಎಳೆ ಇದೇ ಅಂದ. ಹುಡುಗ ಉಳಿದುಕೊಂಡ. ನಮ್ಮ ಕೋರ್ಟುಗಳಲ್ಲೂ ಆ ತೀರ್ಪಿನ ಮಾತು ಬರುತ್ತದೆ. ಇದೇ ಸ್ಯಾಂಕಿ ಲಂಡನ್ನಿನ ದುಂಡು ಮೇಜಿನ ಪರಿಷತ್ತಿನಲ್ಲಿ ಒಕ್ಕೂಟದ ರಚನೆಯ ಸಮಿತಿಗೆ ಅಧ್ಯಕ್ಷನಾಗಿದ್ದ, ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲ್ ಆ ಪರಿಷತ್ತಿಗೆ ಹೋಗಿದ್ದರು. ನೋಡಿದೆಯಾ, ಇನ್ನೊಬ್ಬ ಸ್ಯಾಂಕಿಯ ಹತ್ತಿರಕ್ಕೂ ಮೈಸೂರು ಹೋಗಿ ನಿಂತಿತ್ತು. ಆದರೆ ಅದು ಬೇರೆ ಲೇಖನ. ಇದರಲ್ಲಿ ತುರುಕಬೇಡ.

ಇನ್ನೂ ಒಂದು ದೂರು ಇದೆ. ಊರಿನಿಂದ ಬಂದ ಹೆಸರು ಅಂತ ಶುರು ಮಾಡಿ ಊರನ್ನೇ ಕೈಬಿಟ್ಟಿದ್ದೀಯ. ಆ ಸ್ಯಾಂಕಿ ಹಳ್ಳ ಮರ್ಸಿ ನದಿಗೆ ಸೇರುತ್ತದೆ. ಲಿವರ್‌ಪೂಲ್‌ಗೆ ಕಲ್ಲಿದ್ದಲು ಬೇಕಿತ್ತು. ಹಳ್ಳದಲ್ಲಿ ದೋಣಿ ಓಡುವ ಹಾಗೆ ಮಾಡುತ್ತೇವೆ ಅಂತ ಅನುಮತಿ ತೆಗೆದುಕೊಂಡು, ಹೆನ್ರಿ ಬೆರಿ ಎಂಬ ಎಂಜಿನಿಯರ್ ಹಳ್ಳದ ಪಕ್ಕದಲ್ಲೇ ಹೊಸ ಕಾಲುವೆ ತೋಡಿದ. 1757ರಲ್ಲಿ ಅದು ತೆರೆಯಿತು. ಆಮೇಲೆ 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಬಂದಾಗ ಆ ಕಣಿವೆಯ ಮೇಲೆ ಒಂಬತ್ತು ಕಮಾನಿನ ಸೇತುವೆ ಕಟ್ಟಿದರು. ಅಷ್ಟು ಎತ್ತರ ಯಾಕೆ ಗೊತ್ತಾ? ಕೆಳಗೆ ಕಾಲುವೆಯಲ್ಲಿ ಹಾಯಿದೋಣಿಗಳು ಓಡಾಡುತ್ತಿದ್ದವು, ಅವುಗಳ ಕಂಬ ತಾಗಬಾರದಲ್ಲ. ಮೇಲೆ ರೈಲು, ಕೆಳಗೆ ಹಾಯಿ. ಆ ಹೆಸರಿನ ಊರೂ ನೀರಿನದೇ, ನಮ್ಮಲ್ಲಿ ಆ ಹೆಸರು ಅಂಟಿಕೊಂಡದ್ದೂ ನೀರಿಗೇ. ಇದು ಕಾಕತಾಳೀಯ ಅಂತ ಗೊತ್ತಿದ್ದೂ ನನಗೆ ಖುಷಿಯಾಗುತ್ತದೆ. ಅದರಿಂದ ಏನನ್ನೂ ಸಾಧಿಸಲು ಹೋಗದೆ, ಸುಮ್ನೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗು.

ಮೂವರು ಸ್ಯಾಂಕಿಗಳನ್ನು ತೆಗೆದು, ಕೆರೆಯವನೊಬ್ಬನನ್ನೇ ಇಟ್ಟುಕೊಂಡು ಬರೆ. ಅವನನ್ನೂ ಜಾಸ್ತಿ ಹೊಗಳಬೇಡ, ಬೈಯಲೂ ಬೇಡ. ಮಣ್ಣು ಹೊತ್ತವರು ಬೇರೆ ಜನ ಅನ್ನುವುದನ್ನು ಮರೆಯಬೇಡ, ಅವನೇ ಮರೆತಿರಲಿಲ್ಲ. ಅವನ ಇಂಗ್ಲಿಷ್ ಹಳೇ ಕಾಲದ್ದು, ಉದ್ದುದ್ದ ವಾಕ್ಯ. ತಿಳಿಯದಿದ್ದರೆ ಫೋನ್ ಮಾಡು, ಸಂಜೆ ಹೊತ್ತು ನಾನು ಮನೆಯಲ್ಲೇ ಇರುತ್ತೇನೆ, ಇಬ್ಬರೂ ಕೂತು ಓದೋಣ. ಬರೆದಾದ ಮೇಲೆ ಪತ್ರಿಕೆಗೆ ಕಳಿಸುವ ಮೊದಲು ನನಗೆ ಕಳಿಸು.

ಇತಿ,
ನಿನ್ನ ಅಣ್ಣ