ಪಟ್ಟಿಯಲ್ಲಿ ಬರೆಯದ ಕೈಗಡ

ಪ್ರೀತಿಯ ಗೆಳೆಯಾ,

ಮೊಣಕಾಲಿನ ನೋವು ಕಡಿಮೆಯಾಯಿತೇ? ಛತ್ರಿ ಸಿಕ್ಕಿತೇ? ಸಿಕ್ಕಿದ್ದರೂ ಸದ್ಯಕ್ಕೆ ಅದರ ಒಡೆಯನಿಗೆ ಹೇಳಬೇಡ.

ಈ ಪತ್ರವನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ನಾಲ್ಕು ಜನರೆದುರು ಆಡಿದ ಮಾತಿನಿಂದ ಹಿಂದೆ ಸರಿಯಲು ನನ್ನಿಂದಾಗದು ಎಂಬುದು ನಿನಗೆ ಗೊತ್ತು. ಅಲ್ಲದೆ, ನನ್ನಂತೆ ಸಾಲದ ಲೆಕ್ಕದ ಲಕೋಟೆ ಒಡೆಯಲು ಹೆದರಿ ಕುಳಿತವರು ಇದನ್ನು ಓದುವವರಲ್ಲಿ ಇನ್ನೊಬ್ಬರಾದರೂ ಇದ್ದಾರು.

ಕಳೆದ ಭಾನುವಾರ ನನ್ನ ಸಾಲಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಯಾರಿಗೆ, ಎಷ್ಟು ಬಾಕಿ, ಬಡ್ಡಿ ಎಷ್ಟು, ತಿಂಗಳಿಗೆ ಕನಿಷ್ಠ ಎಷ್ಟು ಕಟ್ಟಬೇಕು, ಯಾವ ತಾರೀಖಿನೊಳಗೆ. ಐದೇ ಕಾಲಂ. ಆದರೂ ಮೂರು ಗಂಟೆ ಹಿಡಿಯಿತು. ಬಡ್ಡಿಯ ಕಾಲಂ ತುಂಬಲು, ಎರಡು ವರ್ಷದಿಂದ ಕಪಾಟಿನಲ್ಲಿ ತುರುಕುತ್ತಾ ಬಂದಿದ್ದ ಲಕೋಟೆಗಳನ್ನು ಒಂದೊಂದಾಗಿ ಒಡೆಯಬೇಕಾಯಿತು. ಅಂದಾಜು ಮಾಡಿಕೊಂಡಿದ್ದಕ್ಕಿಂತ ಒಟ್ಟು ಮೊತ್ತ ದೊಡ್ಡದೇ ಇತ್ತು. ಆದರೂ ಅಂದು ರಾತ್ರಿ ನಿದ್ದೆ ಬಂತು. ಇಷ್ಟೇ, ಇದಕ್ಕಿಂತ ಹೆಚ್ಚಿಲ್ಲ ಎಂಬುದಾದರೂ ಗೊತ್ತಾಗಿತ್ತಲ್ಲ.

ನನ್ನನ್ನು ಬೆಚ್ಚಿಬೀಳಿಸಿದ್ದು ಕ್ರೆಡಿಟ್ ಕಾರ್ಡಿನ ಲೆಕ್ಕ. ಪ್ರತಿ ತಿಂಗಳು ‘ಕನಿಷ್ಠ ಪಾವತಿ’ಯನ್ನು ಗಡುವಿನೊಳಗೆ ಕಟ್ಟಿ, ಕರ್ತವ್ಯ ಮುಗಿಯಿತು ಎಂದುಕೊಳ್ಳುತ್ತಿದ್ದೆ. ತಿಂಗಳಿಗೆ ನೂರಕ್ಕೆ 3ರಂತೆ ಬಡ್ಡಿ, ಬಾಕಿಯ 5 ಪ್ರತಿಶತ ಕನಿಷ್ಠ ಪಾವತಿ ಎಂದಿಟ್ಟುಕೋ. ಹೊಸದಾಗಿ ಏನನ್ನೂ ಕೊಳ್ಳದಿದ್ದರೂ ನೂರರ ಬಾಕಿ ಐವತ್ತಕ್ಕೆ ಇಳಿಯಲು ಸುಮಾರು 32 ತಿಂಗಳು ಬೇಕು. ಅಷ್ಟರಲ್ಲಿ ನಾವು ಕಟ್ಟಿರುವುದು ಸುಮಾರು 120. ನೂರಿಪ್ಪತ್ತು ಕಟ್ಟಿ ಐವತ್ತು ಇಳಿಸಿಕೊಳ್ಳುವುದು! ಮೂರು ಸಲ ಕೂಡಿ ನೋಡಿದೆ, ಉತ್ತರ ಬದಲಾಗಲಿಲ್ಲ. ಏನನ್ನೂ ಕಟ್ಟದೆ ಬಿಟ್ಟರಂತೂ, ದಂಡವನ್ನು ಸೇರಿಸದೆಯೇ, ಎರಡು ವರ್ಷಕ್ಕೆ ಸಾಲ ಇಮ್ಮಡಿ. ಇನ್ನೊಂದು ಸಂಗತಿ ನನಗೆ ತಿಳಿದೇ ಇರಲಿಲ್ಲ. ಹಳೆಯ ಬಾಕಿ ಉಳಿಸಿಕೊಂಡಿದ್ದರೆ ಬಹುತೇಕ ಕಾರ್ಡುಗಳಲ್ಲಿ ಹೊಸ ಖರೀದಿಗೆ ಬಡ್ಡಿರಹಿತ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡತೊಡಗುತ್ತದೆ. ಕಾರ್ಡನ್ನು ಅಂದೇ ಕತ್ತರಿಸಿದೆ.

ಕಂತಿನ ಸಾಲದ ಕಥೆ ಬೇರೆ, ಅದಕ್ಕೊಂದು ಕೊನೆಯಾದರೂ ಇದೆ. ಮುಂದಿನ ಕಂತು ತಪ್ಪುವ ಲಕ್ಷಣ ಕಂಡಿತು. ತಪ್ಪುವ ಮೊದಲೇ ಸಾಲ ಕೊಟ್ಟವರಿಗೆ ಫೋನ್ ಮಾಡಿ ಅವಧಿ ಹೆಚ್ಚಿಸಲು ಸಾಧ್ಯವೇ ಎಂದು ಕೇಳಿದೆ. ಕೈ ನಡುಗುತ್ತಿತ್ತು. ಆ ಕಡೆಯ ಹೆಣ್ಣುಮಗಳು ಹವಾಮಾನ ವರದಿ ಓದುವಷ್ಟು ಸಮಾಧಾನದಿಂದ, ಅರ್ಜಿ ಹಾಕಿ, ಅವಧಿ ಹೆಚ್ಚಿದರೆ ಒಟ್ಟು ಬಡ್ಡಿಯೂ ಹೆಚ್ಚುತ್ತದೆ, ಯೋಚಿಸಿ ಎಂದಳು. ಎರಡು ವರ್ಷ ಹೆದರಿದ್ದು ಈ ಮೂರು ನಿಮಿಷಕ್ಕೆ.

ಇನ್ನು ತೀರಿಸುವ ಕ್ರಮ. ಎಲ್ಲ ಸಾಲಗಳಿಗೂ ಕನಿಷ್ಠ ಕಟ್ಟುತ್ತಾ, ಮಿಕ್ಕಿದ್ದನ್ನು ಚಿಕ್ಕ ಸಾಲಕ್ಕೆ ಸುರಿದು ಒಂದೊಂದನ್ನೇ ಮುಗಿಸುವುದು ಒಂದು ದಾರಿ. ಹೆಸರುಗಳನ್ನು ಹೊಡೆದು ಹಾಕುತ್ತಾ ಹೋದಂತೆ ಹುರುಪು ಬರುತ್ತದೆ. ಹೆಚ್ಚು ಬಡ್ಡಿಯ ಸಾಲಕ್ಕೆ ಮೊದಲು ಸುರಿಯುವುದು ಇನ್ನೊಂದು. ಒಟ್ಟು ಬಡ್ಡಿ ಕಡಿಮೆಯಾಗುವುದು ಇದರಲ್ಲಿ. ನಾನು ಎರಡನೆಯದನ್ನು ಆರಿಸಿ, ಬಡ್ಡಿಯ ಇಳಿಕೆ ಕ್ರಮದಲ್ಲಿ ಪಟ್ಟಿಯನ್ನು ಮತ್ತೆ ಬರೆದು ಗೋಡೆಗೆ ಅಂಟಿಸಿದೆ.

ನಿನ್ನ ಹೆಸರು ಅದರಲ್ಲಿ ಇರಲಿಲ್ಲ.

ಮರೆತಿರಲಿಲ್ಲ, ಬರೆದಿರಲಿಲ್ಲ. ಬುಧವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಆ ಹಾಳೆಯ ಮುಂದೆ ನಿಂತಾಗ ಅದು ಹೊಳೆಯಿತು. ನಿನ್ನ ಕೈಗಡವನ್ನು ಕೆಳಗೆ ಸೇರಿಸಿದೆ. ಬಡ್ಡಿ: ಇಲ್ಲ. ಕನಿಷ್ಠ ಪಾವತಿ: ಇಲ್ಲ. ತಾರೀಖು: ಇಲ್ಲ. ನನ್ನ ಕ್ರಮದ ಪ್ರಕಾರ ನಿನ್ನ ಸರದಿ ಎಲ್ಲರಿಗಿಂತ ಕೊನೆಗೆ, ನಾಲ್ಕು ವರ್ಷದ ನಂತರ. ಹಿಂಡುವವರಿಗೆ ಮೊದಲು, ಒಂದು ಮಾತೂ ಕೇಳದವನಿಗೆ ಕಡೆಗೆ. ಲೆಕ್ಕ ಸರಿಯಾಗಿಯೇ ಇದೆ, ಆದರೆ ಅದನ್ನು ನೋಡುತ್ತಾ ನಿಲ್ಲಲು ನನ್ನಿಂದಾಗಲಿಲ್ಲ.

ಮಗಳ ಹುಟ್ಟುಹಬ್ಬಕ್ಕೆ ನೀನು ಕರೆದಾಗ ಜ್ವರ ಎಂದಿದ್ದೆ. ಜ್ವರ ಬಂದಿರಲಿಲ್ಲ. ನಿನ್ನ ಕರೆ ಬಂದಾಗಲೆಲ್ಲ ಮೊಬೈಲ್ ಬೋರಲು ಹಾಕುತ್ತಿದ್ದೆ. ನೀನು ಸುಮ್ಮನೆ ಹಾಕಿದ ಮುಂಜಾವಿನ ಚಿತ್ರದಲ್ಲೂ ‘ಹಣ ಯಾವಾಗ?’ ಎಂಬ ಪ್ರಶ್ನೆಯೇ ನನಗೆ ಕಾಣುತ್ತಿತ್ತು. ಕೊನೆಗೆ ನನಗೆ ನಿನ್ನ ಮೇಲೆಯೇ ಸಿಟ್ಟು ಬರತೊಡಗಿತು. ನಮ್ಮಿಬ್ಬರ ನಡುವೆ ಏನಾದರೊಂದು ಜಗಳವಾಗಿ ಮಾತು ನಿಂತುಹೋದರೆ ಎಷ್ಟು ಹಗುರ ಎಂದು ಒಂದು ರಾತ್ರಿ ನಿಜವಾಗಿಯೂ ಬಯಸಿದೆ. ಕಷ್ಟದಲ್ಲಿ ಕೈಹಿಡಿದವನನ್ನು, ಕೈಹಿಡಿದ ಕಾರಣಕ್ಕೇ ಕಳೆದುಕೊಳ್ಳಲು ಸಿದ್ಧನಾಗಿದ್ದೆ. ಇದನ್ನು ಬರೆಯಬೇಕೆಂದು ಕುಳಿತಿರಲಿಲ್ಲ. ಬರೆದಾಯಿತು, ಅಳಿಸುವುದಿಲ್ಲ.

ಇರಲಿ, ಇಷ್ಟು ಭಾರವನ್ನು ಒಂದೇ ಪತ್ರದಲ್ಲಿ ಹೊರಿಸಿದರೆ ನಿನ್ನ ಮೊಣಕಾಲು ತಡೆಯಲಾರದು. ವಿಷಯಕ್ಕೆ ಬರುತ್ತೇನೆ. ಸಂಬಳ ಬಂದ ಮರುದಿನವೇ ನಿನ್ನ ಖಾತೆಗೆ ಒಂದು ಚಿಕ್ಕ ಮೊತ್ತ ತಾನಾಗಿ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟಿದ್ದೇನೆ. ಮೊದಲು ಕಾರ್ಡು ಮುಗಿಸು, ನನ್ನದಕ್ಕೇನು ಅವಸರ ಎಂದು ನೀನು ಗದರುತ್ತೀಯ. ಕಾರ್ಡಿಗೆ ಹೋಗಬೇಕಾದ ನೂರು ನಿನಗೆ ಬಂದರೆ ನನಗೆ ತಿಂಗಳಿಗೆ 3 ಹೆಚ್ಚು ಬಡ್ಡಿ ಬೀಳುತ್ತದೆ, ಗೊತ್ತು. ಆ ಮೂರನ್ನು ಸಂತೋಷದಿಂದ ತೆರುತ್ತೇನೆ. ದಯವಿಟ್ಟು ಹಣ ಹಿಂದಿರುಗಿಸಬೇಡ.

ಭಾನುವಾರ ಸಂಜೆ ಫೋನ್ ಮಾಡು. ಮೊದಲ ಗಂಟೆಗೇ ಎತ್ತುತ್ತೇನೆ. ಮಗಳಿಗೂ ಕೊಡು, ಆ ಜ್ವರದ ವಿಷಯ ಅವಳಿಗೆ ನಾನೇ ಹೇಳಬೇಕು. ಛತ್ರಿಯ ವಿಷಯವನ್ನು ಬೇಕಾದರೆ ಅದರ ಒಡೆಯನಿಗೆ ನೀನು ಹೇಳು.

ನಿನ್ನ,
ಕೊನೆಯ ಬೆಂಚಿನವನು