ಷೋಚಿಪಿಲ್ಲಿ ನುಡಿಸಲಿರುವ ಮಗಳಿಗೆ

ಪ್ರೀತಿಯ ಮಗಳೇ,

ಮೆಕ್ಸಿಕೊದ ಸಂಗೀತ ರಚನೆಕಾರ ಕಾರ್ಲೋಸ್ ಚಾವೆಸ್ ಅವರ ‘ಷೋಚಿಪಿಲ್ಲಿ’ಯಲ್ಲಿ ಕೊಳಲು (ಪಾಶ್ಚಾತ್ಯ ಫ್ಲೂಟ್) ನಿನ್ನ ಪಾಲಿಗೆ ಬಂದಿರುವುದು ತುಂಬ ಸಂತೋಷ. 1940ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ನುಡಿಸಿದ ಈ ಕೃತಿಯ ಮುದ್ರಿತ ಪ್ರತಿಯ ಮೇಲೆ ‘ಊಹೆಯ ಅಜ್ಟೆಕ್ ಸಂಗೀತ’ ಎಂದೇ ಇದೆ. ಸ್ಪೇನಿನವರು ಬರುವ ಮೊದಲು ಮೆಕ್ಸಿಕೊದಲ್ಲಿ ಆಳಿದ ಅಜ್ಟೆಕರ ಸ್ವರಲಿಪಿ ನಮಗೆ ಸಿಕ್ಕಿಲ್ಲ. ವಾದ್ಯಗಳು, ಚಿತ್ರಗಳು, ಹದಿನಾರನೇ ಶತಮಾನದ ಸ್ಪೇನಿನ ಪಾದ್ರಿ ಸಹಗುನ್ ಬರೆಸಿಟ್ಟ ವಿವರಗಳು ಉಳಿದಿವೆ, ಅಷ್ಟೆ.

ಊದುವವರು ನಾಲ್ವರು: ಪಿಕೊಲೊ ಎಂಬ ಪುಟ್ಟ ಕೊಳಲು, ಕೊಳಲು, ಚಿಕ್ಕ ಇ-ಫ್ಲ್ಯಾಟ್ ಕ್ಲಾರಿನೆಟ್, ಶಂಖದ ಬದಲಿಗೆ ಟ್ರಾಂಬೋನ್. ಹೊಡೆಯುವವರು ಆರು ಮಂದಿ. ನಿನ್ನ ಕೆಳಗಿನ ಸಪ್ತಕದ ಸ್ವರಗಳು ಅವರ ಸದ್ದಿನಲ್ಲಿ ಮುಳುಗುತ್ತವೆ. ಜೋರಾಗಿ ಊದಿದರೆ ಶ್ರುತಿ ಏರುತ್ತದೆಯೇ ಹೊರತು ಕೇಳಿಸುವುದಿಲ್ಲ. ತುಟಿಯ ರಂಧ್ರ ಕಿರಿದು ಮಾಡಿ ಗಾಳಿಯನ್ನು ಒಂದೆಡೆ ಸೇರಿಸು, ಡ್ರಮ್‌ನವರಿಗೆ ತಗ್ಗಿಸಲು ಹೇಳು.

ಅಜ್ಟೆಕರ ಮಣ್ಣಿನ ಕೊಳಲನ್ನು ನೇರ ಹಿಡಿದು ಸೀಳಿನೊಳಗೆ ಊದುತ್ತಿದ್ದರು. ಸಾಮಾನ್ಯವಾಗಿ ನಾಲ್ಕು ರಂಧ್ರ. ಅಂಥ ವಾದ್ಯದಲ್ಲಿ ತುಟಿಯಿಂದ ಸ್ವರ ತಿದ್ದಲಾಗದು, ಉಸಿರೇ ಎಲ್ಲ. ಆದ್ದರಿಂದ ಇಲ್ಲಿ ಸ್ವರ ನಡುಗಿಸುವ ವೈಬ್ರಾಟೊ ಪೂರ್ತಿ ಬಿಡು. ಅರ್ಧಸ್ವರವಿಲ್ಲದ ಐದು ಸ್ವರಗಳ ರಾಗ ಕಂಡಾಗ ಮೋಹನ ನೆನಪಾಗಿ ಬೆರಳು ಗಮಕಕ್ಕೆ ಹೋಗಬಹುದು. ಬೇಡ. ಸ್ವರದಿಂದ ಸ್ವರಕ್ಕೆ ಜಾರದೆ ಹೋಗು.

ಹೊಡೆಯುವ ವಾದ್ಯಗಳಲ್ಲಿ ತೆಪೊನಾಸ್ತ್ಲಿ ಎಂಬುದು ಎರಡು ನಾಲಿಗೆ ಸೀಳಿದ ಟೊಳ್ಳು ಮರ, ಎರಡೇ ಸ್ವರ. ಅದರ ನಾದ ಬೇಗ ಸಾಯುತ್ತದೆ. ನಿನ್ನ ಸ್ವರ ಅದಕ್ಕಿಂತ ಉದ್ದವಾದರೆ ತಾಳ ಕೆಸರಾಗುತ್ತದೆ. ಅದರ ಜೊತೆ ‘ತ’ ಎನ್ನುವ ನಾಲಿಗೆ ಹೊಡೆತ ಒಣಗಿರಲಿ. ನಿಧಾನ ಭಾಗದಲ್ಲಿ ‘ದ’ ಸಾಕು. ವೇವೆಟ್ಲ್ ಎಂಬುದು ನೆಟ್ಟಗೆ ನಿಲ್ಲಿಸಿ ಕೈಯಿಂದ ಬಾರಿಸುವ ಡೋಲು, ಚರ್ಮದ ನಡುವೆ ಗಂಭೀರ, ಅಂಚಿನಲ್ಲಿ ಎತ್ತರ. ನಿನ್ನ ಲಯಕ್ಕೆ ಆ ಗಂಭೀರ ಹೊಡೆತವನ್ನೇ ಹಿಡಿ.

ಅಜ್ಟೆಕರ ತೋಷ್ಕಾತ್ಲ್ ಹಬ್ಬದಲ್ಲಿ ತೆಸ್ಕಾತ್ಲಿಪೋಕ ದೇವರಾಗಿ ಒಂದು ವರ್ಷ ಬಾಳಿದ ಯುವಕ, ಬಲಿಗೆ ಹತ್ತುವಾಗ ಮೆಟ್ಟಿಲ ಮೇಲೆ ತನ್ನ ಕೊಳಲುಗಳನ್ನು ಮುರಿಯುತ್ತಿದ್ದ ಎಂದು ಸಹಗುನ್ ದಾಖಲೆ ಹೇಳುತ್ತದೆ. ಕೊಳಲು ಅವರಿಗೆ ಇಷ್ಟು ಗಂಭೀರ ವಸ್ತು. ಈ ಸಂಗೀತವನ್ನು ವಿಲಕ್ಷಣ ಅಲಂಕಾರವಾಗಿ ನುಡಿಸುವುದನ್ನು ನಾನು ಒಪ್ಪುವುದಿಲ್ಲ.

ಹೆಚ್ಚು ತೊಂದರೆ ಪಿಕೊಲೊ ಜೊತೆಗೇ. ಅದು ಬರೆದದ್ದಕ್ಕಿಂತ ಒಂದು ಸಪ್ತಕ ಮೇಲೆ ಕೇಳುತ್ತದೆ. ಕೂದಲೆಳೆಯಷ್ಟು ತಪ್ಪಿದರೂ ಕಿವಿಯಲ್ಲಿ ಗುಂಯ್ ಎನ್ನುತ್ತದೆ. ಇಬ್ಬರೂ ಹತ್ತು ನಿಮಿಷ ಊದಿ ವಾದ್ಯ ಬೆಚ್ಚಗಾದ ಮೇಲೆ ಶ್ರುತಿ ಕೂಡಿಸಿ, ತಣ್ಣಗಿನ ಕೊಳಲು ಇಳಿದೇ ಇರುತ್ತದೆ. ಮೊದಲು ನೀನು ಕೆಳಗಿನ ಸ್ವರ ನಿಲ್ಲಿಸು, ಆಮೇಲೆ ಪಿಕೊಲೊದವಳು ಸೇರಲಿ. ಕ್ಲಾರಿನೆಟ್ ಕೊನೆಗೆ.

ನಿನ್ನ ಅಮ್ಮ