ಬೆಂಚಿನಿಂದ ಎದ್ದು ಹೋದವನು: ಸೀನನಿಗೊಂದು ಪತ್ರ

ಪ್ರೀತಿಯ ಸೀನ,

ನೀನು ಕಳಿಸಿದ ವಿಡಿಯೋ ನೋಡಿದೆ. ಸೂಟು ಹಾಕಿಕೊಂಡ ಹುಡುಗ ಟ್ರೋಫಿ ಪಕ್ಕ ನಿಂತು ಅಳುತ್ತಿದ್ದಾನೆ. ಕೆಳಗೆ ಯಾರೋ ಬರೆದಿದ್ದಾರೆ, ‘ಕಡು ಬಡವನ ಮಗ, ಮೂರು ವರ್ಷ ಬೆಂಚಿನ ಮೇಲೆ ತಾಳ್ಮೆಯಿಂದ ಕಾದ, ಕೊನೆಗೆ ಗೆದ್ದ’ ಅಂತ. ಹುಡುಗ ನಿಜ, ಅಳು ನಿಜ. ಕೆಳಗಿನ ಸಾಲು ಮಾತ್ರ ಬಾಯಿಗೆ ಬಂದದ್ದು. ನಾನಿರುವ, ಅಮೆರಿಕದ ಓಹಿಯೋ ರಾಜ್ಯದ ಈ ಕೊಲಂಬಸ್‌ನಲ್ಲೇ ಅವನು ಆ ಮೂರು ವರ್ಷ ಕೂತಿದ್ದು. ಅವನ ಹೆಸರೆತ್ತಿದರೆ ಇಲ್ಲಿಯ ಫುಟ್‌ಬಾಲ್ ಹುಚ್ಚರಿಗೆ ಈಗಲೂ ಒಂಥರಾ ಸಂಕಟ. ಹಾಗಾಗಿ ನಿನಗೆ ಪೂರ್ತಿ ಕಥೆ ಹೇಳಿಬಿಡೋಣ ಅನ್ನಿಸಿತು.

ಹೆಸರು ಜೋ ಬರ್ರೋ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್. ಅಂದರೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಅವನ ಕೈಗೆ. ಎದುರಿನ ದಾಂಡಿಗರು ಮೇಲೆ ಬೀಳುವಷ್ಟರಲ್ಲಿ ಎರಡು ಮೂರು ಸೆಕೆಂಡು ಸಿಗುತ್ತದೆ. ಅಷ್ಟರೊಳಗೆ ಯಾರಿಗೆ ಎಸೆಯಬೇಕು ಅಂತ ತೀರ್ಮಾನ ಮಾಡಬೇಕು. ಈ ಜಾಗದ ತೊಂದರೆ ಏನೆಂದರೆ ಮೈದಾನದಲ್ಲಿ ಒಬ್ಬನಿಗೇ ಅವಕಾಶ. ಧೋನಿ ಆಡುತ್ತಿದ್ದಷ್ಟು ಕಾಲ ಉಳಿದ ಕೀಪರ್‌ಗಳ ಪಾಡು ನೆನಪಿಸಿಕೋ. ಎರಡನೆಯವನು ಎಷ್ಟೇ ಚೆನ್ನಾಗಿದ್ದರೂ ಮೊದಲನೆಯವನಿಗೆ ಪೆಟ್ಟಾಗುವ ತನಕ ಅವನದು ಬೆಂಚೇ.

ಮೊದಲು ಆ ‘ಕಡು ಬಡವ’ ಅನ್ನುವ ಮಾತು. ಜೋ ಹುಟ್ಟಿದ್ದು 1996ರ ಡಿಸೆಂಬರ್ 10ರಂದು, ಅಯೋವಾ ರಾಜ್ಯದ ಏಮ್ಸ್ ಊರಲ್ಲಿ. ಅಪ್ಪ ಜಿಮ್ಮಿ ಆಗ ಅಲ್ಲಿಯ ಕಾಲೇಜಿನಲ್ಲಿ ಫುಟ್‌ಬಾಲ್ ಕೋಚ್. ಕೋಚ್ ಅಂದರೆ ವರ್ಗಾವಣೆಯ ನೌಕರಿ ಇದ್ದಂತೆಯೇ, ಸಂಸಾರ ಊರೂರು ಸುತ್ತಿತು. ಕೊನೆಗೆ 2005ರಲ್ಲಿ ಜಿಮ್ಮಿಗೆ ಓಹಿಯೋ ಯೂನಿವರ್ಸಿಟಿಯಲ್ಲಿ ಕೆಲಸ ಸಿಕ್ಕಿ, ಆಗ್ನೇಯ ಓಹಿಯೋದ ಅಥೆನ್ಸ್ ಊರಿನ ಪಕ್ಕದ ದಿ ಪ್ಲೇನ್ಸ್ ಅನ್ನುವ ಸಣ್ಣ ಊರಲ್ಲಿ ಮನೆ ಮಾಡಿದರು. ಅಮ್ಮ ರಾಬಿನ್ ಪ್ರೈಮರಿ ಸ್ಕೂಲಿನ ಪ್ರಿನ್ಸಿಪಾಲ್ ಆದರು. ಅಪ್ಪ ಕೋಚ್, ಅಮ್ಮ ಪ್ರಿನ್ಸಿಪಾಲ್. ಮನೆಯಲ್ಲಿ ಊಟಕ್ಕೆ ಕೊರತೆ ಇರಲಿಲ್ಲ ಕಣೋ. ಕೊರತೆ ಇದ್ದದ್ದು ಸುತ್ತಮುತ್ತ. ಅಪಲಾಚಿಯ ಗುಡ್ಡಗಳ ಸೀಮೆ ಅದು. ಒಂದು ಕಾಲಕ್ಕೆ ಕಲ್ಲಿದ್ದಲು ಗಣಿಗಳಿದ್ದವು. ಗಣಿ ಮುಚ್ಚಿದ ಮೇಲೆ ಕೆಲಸವೂ ಹೋಯಿತು. ಊರಿನ ನಡುವೆ ದೊಡ್ಡ ಯೂನಿವರ್ಸಿಟಿ, ನಾಲ್ಕು ಮೈಲಿ ಆಚೆ ಹೋದರೆ ಬಡತನ. ಜೋ ಅದನ್ನು ಕಂಡದ್ದು ತನ್ನ ಜೊತೆ ಕ್ಲಾಸಿನಲ್ಲಿ ಕೂತ ಹುಡುಗರಲ್ಲಿ.

ಆಟ ಮಾತ್ರ ಮನೆತನದ್ದೇ. ಜಿಮ್ಮಿ ನೆಬ್ರಾಸ್ಕ ಯೂನಿವರ್ಸಿಟಿಗೆ ಆಡಿದವರು. ಜೋನ ಇಬ್ಬರು ಅಣ್ಣಂದಿರು, ಜೇಮಿ ಮತ್ತು ಡ್ಯಾನ್, ಅವರೂ ಅಲ್ಲೇ ಆಡಿದರು. ಇನ್ನು ಅಜ್ಜಿಯ ವಿಷಯ ಕೇಳು, ಮಿಸಿಸಿಪಿಯ ಹೈಸ್ಕೂಲಿನಲ್ಲಿ ಓದುವಾಗ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದರಲ್ಲಿ ಒಬ್ಬಳೇ 82 ಪಾಯಿಂಟ್ ಹೊಡೆದಿದ್ದಳಂತೆ! ಇಂಥ ಮನೆಯ ಕೊನೇ ಮಗನಿಗೆ ತಾನೂ ನೆಬ್ರಾಸ್ಕಕ್ಕೇ ಹೋಗಬೇಕು ಅಂತ ಆಸೆ ಇದ್ದದ್ದು ಸಹಜ. ನೆಬ್ರಾಸ್ಕದವರು ಸ್ಕಾಲರ್‌ಶಿಪ್ ಕೊಡಲೇ ಇಲ್ಲ.

ಅಥೆನ್ಸ್ ಹೈಸ್ಕೂಲಿನಲ್ಲಿ ಅವನು ಆಡಿದ್ದನ್ನು ಆ ಊರಿನವರು ಇವತ್ತಿಗೂ ಪುರಾಣದ ಹಾಗೆ ಹೇಳುತ್ತಾರೆ. 2014ರಲ್ಲಿ, ಕೊನೆಯ ವರ್ಷ, 63 ಟಚ್‌ಡೌನ್ ಪಾಸ್ ಎಸೆದ, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಪಾಯಿಂಟ್ ತರುವ ಎಸೆತ. ಎದುರಾಳಿ ಕೈಗೆ ಚೆಂಡು ಕೊಟ್ಟಿದ್ದು ಬರೀ ಎರಡು ಸಲ. ಸತತ 14 ಪಂದ್ಯ ಗೆದ್ದು ರಾಜ್ಯದ ಫೈನಲ್‌ಗೆ ಬಂದರು, ಅಲ್ಲಿ ಟೊಲೀಡೋದ ಶಾಲೆಯೊಂದರ ಎದುರು 56-52ರಿಂದ ಸೋತರು. 52 ಪಾಯಿಂಟ್ ಹೊಡೆದೂ ಸೋಲುವುದು ಹೇಗೆ ಹೇಳು! ಆ ವರ್ಷ ಅವನಿಗೆ ಓಹಿಯೋದ ‘ಮಿಸ್ಟರ್ ಫುಟ್‌ಬಾಲ್’ ಪ್ರಶಸ್ತಿ ಬಂತು.

ಕೊಲಂಬಸ್‌ನ ಓಹಿಯೋ ಸ್ಟೇಟ್ ಯೂನಿವರ್ಸಿಟಿ ಅವನನ್ನು ಕರೆದುಕೊಂಡಿತು. ಈ ಕಾಲೇಜಿನ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ. ಪಂದ್ಯದ ದಿನ ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗಲ್ಲ. 2015ರಲ್ಲಿ ಅವನನ್ನು ರೆಡ್‌ಶರ್ಟ್ ಮಾಡಿದರು. ಅಂದರೆ ತಂಡದ ಜೊತೆ ಅಭ್ಯಾಸ ಮಾಡು, ಪಂದ್ಯ ಆಡಬೇಡ. ಆಗ ಐದು ವರ್ಷದೊಳಗೆ ನಾಲ್ಕು ಸೀಸನ್ ಆಡುವ ಅವಕಾಶ ಇದ್ದುದರಿಂದ ಒಂದು ವರ್ಷ ಹೀಗೆ ಉಳಿಸಿಕೊಳ್ಳುತ್ತಿದ್ದರು. ಮುಂದಿನ ಎರಡು ವರ್ಷ ಜೆ.ಟಿ. ಬ್ಯಾರೆಟ್ ಎಂಬ ಗಟ್ಟಿಗನ ಹಿಂದೆ. ಪಂದ್ಯ ಕೈಗೆ ಬಂದ ಮೇಲೆ ಕೊನೆಯಲ್ಲಿ ಸುಮ್ನೆ ಇಳಿಸುತ್ತಿದ್ದರು. ಒಟ್ಟು ಲೆಕ್ಕ: 10 ಪಂದ್ಯ, 39 ಎಸೆತ, 2 ಟಚ್‌ಡೌನ್.

2017ರ ಆಗಸ್ಟ್‌ನಲ್ಲಿ ಅಭ್ಯಾಸದ ವೇಳೆ ಅವನ ಕೈ ಮೂಳೆ ಮುರಿಯಿತು. ಇಡೀ ಕಥೆ ತಿರುಗಿದ್ದು ಅಲ್ಲೇ ಅನ್ನುವುದು ನನ್ನ ಅಭಿಪ್ರಾಯ. ಕೈ ವಾಸಿಯಾಗಿ ಬರುವಷ್ಟರಲ್ಲಿ ಎರಡನೇ ಜಾಗ ಡ್ವೇನ್ ಹ್ಯಾಸ್ಕಿನ್ಸ್ ಎಂಬ ಕಿರಿಯನ ಪಾಲಾಗಿತ್ತು. ಆ ನವೆಂಬರ್‌ನಲ್ಲಿ ಬದ್ಧವೈರಿ ಮಿಶಿಗನ್ ಯೂನಿವರ್ಸಿಟಿ ಎದುರಿನ ಪಂದ್ಯದಲ್ಲಿ ಬ್ಯಾರೆಟ್‌ಗೆ ಪೆಟ್ಟಾಯಿತು. ಇಳಿದದ್ದು ಹ್ಯಾಸ್ಕಿನ್ಸ್. ತಂಡ ಹಿಂದಿತ್ತು, ಅವನು ಗೆಲ್ಲಿಸಿಬಿಟ್ಟ. ಈ ಊರಲ್ಲಿ ಮಿಶಿಗನ್ನನ್ನು ಸೋಲಿಸಿದವನಿಗೆ ಏಳು ಖೂನಿ ಮಾಫಿ.

2018ರ ವಸಂತದಲ್ಲಿ ಬ್ಯಾರೆಟ್ ಕಾಲೇಜು ಮುಗಿಸಿ ಹೋಗಿದ್ದ. ಜಾಗ ಖಾಲಿ. ಜೋ ಮತ್ತು ಹ್ಯಾಸ್ಕಿನ್ಸ್ ನಡುವೆ ಪೈಪೋಟಿ. ಹೆಡ್ ಕೋಚ್ ಅರ್ಬನ್ ಮೆಯರ್ ಯಾರ ಹೆಸರನ್ನೂ ಹೇಳಲಿಲ್ಲ. ಹೇಳದಿರುವುದರ ಅರ್ಥ ಜೋಗೆ ಗೊತ್ತಾಯಿತು.

ಇಲ್ಲಿ ನೋಡು, ನಿನ್ನ ವಿಡಿಯೋದ ‘ತಾಳ್ಮೆಯಿಂದ ಕಾದ’ ಅನ್ನುವ ಮಾತು ಕೈಕೊಡುವುದು. ಅವನು ಕಾಯಲಿಲ್ಲ, ಎದ್ದು ಹೊರಟ. ಹೊರಡಲು ಆದದ್ದಾದರೂ ಹೇಗೆ? ಆಗಿನ ನಿಯಮದ ಪ್ರಕಾರ ಕಾಲೇಜು ಬದಲಿಸಿದ ಆಟಗಾರ ಒಂದು ವರ್ಷ ಆಡದೆ ಕೂರಬೇಕಿತ್ತು. ಡಿಗ್ರಿ ಮುಗಿಸಿದವನಿಗೆ ಮಾತ್ರ ಆ ಶಿಕ್ಷೆ ಇಲ್ಲ, ಎಂ.ಎ.ಗೋ ಮತ್ತೊಂದಕ್ಕೋ ಸೇರಿ ತಕ್ಷಣ ಆಡಬಹುದಿತ್ತು. ಜೋ ನಾಲ್ಕು ವರ್ಷದ ಡಿಗ್ರಿಯನ್ನು ಮೂರೇ ವರ್ಷದಲ್ಲಿ ಮುಗಿಸಿದ್ದ. ಮನೆಮಂದಿಯ ಹಣಕಾಸು ನಿರ್ವಹಣೆ ಅವನ ವಿಷಯ. 2018ರ ಮೇ ತಿಂಗಳಲ್ಲಿ ಡಿಗ್ರಿ ಕೈಗೆ ಬಂತು, ಅದೇ ತಿಂಗಳು ಕೊಲಂಬಸ್ ಬಿಟ್ಟ. ಇನ್ನೂ ಎರಡು ಸೀಸನ್ ಉಳಿದಿದ್ದವು. ಬೆಂಚಿನ ಮೇಲೆ ಕೂತಿದ್ದಾಗ ಅವನು ಮಾಡಿದ ದೊಡ್ಡ ಕೆಲಸ ಇದೇ, ಕ್ಲಾಸಿಗೆ ಹೋಗಿದ್ದು! ಇದನ್ನು ಯಾವ ವಿಡಿಯೋದಲ್ಲೂ ಹೇಳುವುದಿಲ್ಲ.

ಹಾಗಂತ ಮೆಯರ್‌ಗೆ ಕಣ್ಣಿರಲಿಲ್ಲ ಅನ್ನಬೇಡ. ಹ್ಯಾಸ್ಕಿನ್ಸ್ ಆ ವರ್ಷ 50 ಟಚ್‌ಡೌನ್ ಎಸೆದು ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯ ಓಟದಲ್ಲಿ ಮೂರನೆಯವನಾದ. ಕೋಚ್ ಆರಿಸಿದ್ದು ತಪ್ಪು ಹುಡುಗನನ್ನಲ್ಲ. ಪಾಪ, ಆ ಹ್ಯಾಸ್ಕಿನ್ಸ್ 2022ರಲ್ಲಿ ಫ್ಲಾರಿಡಾದ ಹೆದ್ದಾರಿಯಲ್ಲಿ ಲಾರಿ ಬಡಿದು ತೀರಿಕೊಂಡ. ಇನ್ನೂ 24 ವರ್ಷ.

ಜೋ ಸಿನ್ಸಿನಾಟಿ ಯೂನಿವರ್ಸಿಟಿಯನ್ನೂ ನೋಡಿ ಬಂದ, ಆದರೆ ಕೊನೆಗೆ ಆರಿಸಿಕೊಂಡದ್ದು ದೂರದ ಲೂಸಿಯಾನ ಸ್ಟೇಟ್ ಯೂನಿವರ್ಸಿಟಿ, ಎಲ್‌ಎಸ್‌ಯು. ಅಲ್ಲಿಯ ಕೋಚ್ ಎಡ್ ಓರ್ಜೆರಾನ್. ಗಂಟಲಲ್ಲಿ ಜಲ್ಲಿ ತುಂಬಿಕೊಂಡವರ ಹಾಗೆ ಮಾತಾಡುವ ಕೇಜನ್ ಮನುಷ್ಯ, ಅಂದರೆ ಲೂಸಿಯಾನದ ಫ್ರೆಂಚ್ ಮೂಲದವನು. ಹುಡುಗನಿಗೆ ಬೇಯಿಸಿದ ಕ್ರಾಫಿಶ್ (ಸೀಗಡಿಯಂಥದ್ದು) ರಾಶಿ ಹಾಕಿ ತಿನ್ನಿಸಿ ಒಲಿಸಿಕೊಂಡ ಅನ್ನುತ್ತಾರೆ. ಮೊದಲ ವರ್ಷ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. 16 ಟಚ್‌ಡೌನ್, ನೂರಕ್ಕೆ 58ರಷ್ಟು ಎಸೆತ ಗುರಿ ಸೇರಿದವು. ಟೆಕ್ಸಸ್ ಎ ಅಂಡ್ ಎಂ ಎದುರಿನ ಪಂದ್ಯ ಮಾತ್ರ ಏಳು ಹೆಚ್ಚುವರಿ ಅವಧಿಗೆ ಹೋಗಿ 74-72ರಲ್ಲಿ ಸೋತರು. ಜೋಗೆ ಡ್ರಿಪ್ ಹಾಕಬೇಕಾಯಿತಂತೆ.

ಆಮೇಲೆ ಬಂದದ್ದು 2019. ಒಂದೇ ವರ್ಷದಲ್ಲಿ ಮನುಷ್ಯ ಹೇಗೆ ಹೀಗೆ ಬದಲಾದ ಅಂತ ಎಲ್ಲರೂ ಕೇಳುತ್ತಾರೆ. ನನಗೆ ತಿಳಿದ ಮಟ್ಟಿಗೆ ಆಟವೇ ಬದಲಾಯಿತು. ನ್ಯೂ ಆರ್ಲಿಯನ್ಸ್ ಸೇಂಟ್ಸ್ ಎಂಬ ವೃತ್ತಿಪರ ತಂಡದಲ್ಲಿದ್ದ ಜೋ ಬ್ರೇಡಿ ಎಂಬ ಯುವಕ ಪಾಸಿಂಗ್ ಕೋಚ್ ಆಗಿ ಬಂದ. ಅವನೂ ಹಿರಿಯ ಕೋಚ್ ಸ್ಟೀವ್ ಎನ್ಸ್‌ಮಿಂಗರ್ ಸೇರಿ ಹಳೇ ಪದ್ಧತಿ ಬಿಟ್ಟರು. ಮೊದಲೆಲ್ಲ ಎಲ್‌ಎಸ್‌ಯು ಅಂದರೆ ಗುಂಪಾಗಿ ನಿಂತು ನುಗ್ಗುವ ಆಟ. ಈಗ ಚೆಂಡು ಹಿಡಿಯುವ ಐವರನ್ನು ಮೈದಾನದಗಲ ಹರಡಿ ನಿಲ್ಲಿಸಿದರು. ಹಾಗೆ ಹರಡಿದರೆ ಎದುರಾಳಿಯೂ ಹರಡಲೇಬೇಕು, ಯಾರು ಯಾರನ್ನು ಕಾಯುತ್ತಿದ್ದಾರೆ ಅನ್ನುವುದು ಚೆಂಡು ಏಳುವ ಮೊದಲೇ ಕಾಣುತ್ತದೆ. ಕೋಚ್‌ನ ಮಗನಾಗಿ ಬೆಳೆದವನಿಗೆ ಇನ್ನೇನು ಬೇಕು? ಎಸೆದದ್ದನ್ನು ಹಿಡಿಯಲು ಜಸ್ಟಿನ್ ಜೆಫರ್ಸನ್, ಜಮಾರ್ ಚೇಸ್ ಇದ್ದರು. ಇಬ್ಬರೂ ಮುಂದೆ ವೃತ್ತಿಪರ ಲೀಗ್‌ನಲ್ಲಿ ದೊಡ್ಡ ಹೆಸರು ಮಾಡಿದವರು.

ನನಗೆ ಮರೆಯಲಾಗದ್ದು ಸೆಪ್ಟೆಂಬರ್ 7ರ ಪಂದ್ಯ, ಆಸ್ಟಿನ್‌ನಲ್ಲಿ ಟೆಕ್ಸಸ್ ಎದುರು. ಎಲ್‌ಎಸ್‌ಯು 37-31ರ ಮುನ್ನಡೆಯಲ್ಲಿದೆ, ಎರಡೂವರೆ ನಿಮಿಷ ಬಾಕಿ. ಚೆಂಡು ಉಳಿಸಿಕೊಳ್ಳಲು ಸಿಗುವ ನಾಲ್ಕು ಯತ್ನಗಳಲ್ಲಿ ಇದು ಮೂರನೆಯದು, ಇನ್ನೂ 17 ಗಜ ಬೇಕು. ಇಂಥ ಹೊತ್ತಲ್ಲಿ ಬುದ್ಧಿವಂತರು ಚೆಂಡು ಹಿಡಿದು ಓಡಿ, ಸಮಯ ಕಳೆದು, ಎದುರಾಳಿಗೆ ಒದ್ದು ಕೊಡುತ್ತಾರೆ. ಇವರು ಪಾಸ್‌ಗೆ ನಿಂತರು. ಟೆಕ್ಸಸ್‌ನವರಿಗೂ ಗೊತ್ತಾಗಿ ಜನರನ್ನು ನುಗ್ಗಿಸಿದರು. ಜೋ ಹಿಂದಕ್ಕೆ ಓಡಲಿಲ್ಲ. ಬರುತ್ತಿದ್ದವರ ಕಡೆಗೇ ಮುಂದೆ ಸರಿದ, ಕಣ್ಣು ಮಾತ್ರ ದೂರದಲ್ಲಿ. ಮೈಮೇಲೆ ಬೀಳುವ ಕ್ಷಣಕ್ಕೆ ಚೆಂಡು ಬಿಟ್ಟ. ಜೆಫರ್ಸನ್ ಹಿಡಿದು, ತಿರುಗಿ, ಓಡಿದ್ದೇ ಓಡಿದ್ದು. 61 ಗಜದ ಟಚ್‌ಡೌನ್! ಪಂದ್ಯ 45-38ಕ್ಕೆ ಮುಗಿಯಿತು. ಓಹಿಯೋ ಸ್ಟೇಟ್‌ನಲ್ಲಿ ಮೂರು ವರ್ಷ ಕೂತವನು ಇವನೇನಾ ಅಂತ ಇಡೀ ದೇಶ ಎದ್ದು ಕೂತಿತು.

ನವೆಂಬರ್‌ನಲ್ಲಿ ಅಲಬಾಮವನ್ನು ಅದರ ಊರಲ್ಲೇ 46-41ರಿಂದ ಸೋಲಿಸಿದರು. ಅದಕ್ಕೂ ಮುಂಚೆ ಸತತ ಎಂಟು ಸಲ ಅಲಬಾಮಕ್ಕೆ ಸೋತಿದ್ದ ತಂಡ ಅದು. ತವರಿನ ಕೊನೆಯ ಪಂದ್ಯದ ದಿನ ಜೋ ಬೆನ್ನ ಮೇಲಿನ ಹೆಸರನ್ನು ಲೂಸಿಯಾನದ ಫ್ರೆಂಚ್ ಶೈಲಿಯ ಸ್ಪೆಲ್ಲಿಂಗ್‌ನಲ್ಲಿ ಬರೆಸಿಕೊಂಡು ಬಂದ. ಜನ ಹುಚ್ಚೆದ್ದರು. ಅಪ್ಪ ಜಿಮ್ಮಿಯೂ ಎಲ್ಲ ಪಂದ್ಯಕ್ಕೂ ಹಾಜರ್. ಮಗನ ಆಟ ನೋಡಬೇಕು ಅಂತಲೇ ಕೋಚ್ ಕೆಲಸ ಬಿಟ್ಟಿದ್ದರು.

ಡಿಸೆಂಬರ್ 14ರಂದು ನ್ಯೂಯಾರ್ಕ್‌ನಲ್ಲಿ ಹೈಸ್ಮನ್ ಟ್ರೋಫಿ. ಎಲ್‌ಎಸ್‌ಯುಗೆ ಅದು ಬಂದದ್ದು 1959ರ ನಂತರ ಅದೇ ಮೊದಲು. ನೀನು ಕಳಿಸಿದ್ದು ಆ ಭಾಷಣದ ತುಣುಕು. ಆಗ್ನೇಯ ಓಹಿಯೋದಲ್ಲಿ ಬಡತನ ದೇಶದ ಸರಾಸರಿಯ ಸುಮಾರು ಎರಡು ಪಟ್ಟು ಇದೆ, ಶಾಲೆ ಮುಗಿಸಿ ಹಸಿದುಕೊಂಡು ಮನೆಗೆ ಹೋಗುವ ಮಕ್ಕಳಿದ್ದಾರೆ, ನೀವೂ ಇಲ್ಲಿ ನಿಲ್ಲಬಹುದು ಅಂದ. ಅವನು ಮಾತಾಡಿದ್ದು ಆ ಮಕ್ಕಳ ಬಗ್ಗೆ. ತಾನು ಹಸಿದಿದ್ದೆ ಅಂತ ಎಲ್ಲೂ ಹೇಳಲಿಲ್ಲ. ಕೇಳಿದ ಊರಿನವನೊಬ್ಬ ಫೇಸ್‌ಬುಕ್‌ನಲ್ಲಿ ಅಥೆನ್ಸ್ ಕೌಂಟಿಯ ಆಹಾರ ಭಂಡಾರಕ್ಕಾಗಿ ಚಂದಾ ಎತ್ತಲು ಶುರು ಮಾಡಿದ. ಕೇಳಿದ್ದು 1,000 ಡಾಲರ್. ಬಂದದ್ದು 5 ಲಕ್ಷ ಡಾಲರಿಗೂ ಜಾಸ್ತಿ. ಅದೇ ತಿಂಗಳು ಹೈಸ್ಕೂಲಿನ ಸ್ಟೇಡಿಯಂಗೆ ಅವನ ಹೆಸರಿಡಲು ಶಾಲಾ ಮಂಡಳಿ ತೀರ್ಮಾನಿಸಿತು.

ಡಿಸೆಂಬರ್ 28ರ ರಾಷ್ಟ್ರೀಯ ಕಾಲೇಜು ಸೆಮಿಫೈನಲ್ ನೆನೆದರೆ ಈಗಲೂ ಕಸಿವಿಸಿ. ಪಂದ್ಯ ಶುರುವಾಗುವ ಮುಂಚೆ ಎನ್ಸ್‌ಮಿಂಗರ್‌ಗೆ ಸುದ್ದಿ ಬಂತು, ಅದೇ ಪಂದ್ಯಕ್ಕೆ ಹೊರಟಿದ್ದ ಸೊಸೆ ವಿಮಾನ ಅಪಘಾತದಲ್ಲಿ ತೀರಿಕೊಂಡಳು ಅಂತ. ಆ ಮನುಷ್ಯ ತನ್ನ ಜಾಗದಲ್ಲಿ ಕೂತು ಕೆಲಸ ಮುಗಿಸಿದರು. ಜೋ ಮೊದಲರ್ಧದಲ್ಲೇ ಏಳು ಟಚ್‌ಡೌನ್ ಎಸೆದ. ಒಕ್ಲಹೋಮ 63-28ರಿಂದ ಸೋತಿತು.

2020ರ ಜನವರಿ 13ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಫೈನಲ್. ಸತತ 29 ಪಂದ್ಯ ಗೆದ್ದಿದ್ದ ಕ್ಲೆಮ್ಸನ್ ಮೊದಲಿಗೆ 17-7ರಿಂದ ಮುಂದಿತ್ತು. ಕೊನೆಗೆ 42-25. ಎಲ್‌ಎಸ್‌ಯು 15ಕ್ಕೆ 15 ಗೆದ್ದಿತು. ಜೋನ ಆ ವರ್ಷದ ಲೆಕ್ಕ 5,671 ಗಜ, 60 ಟಚ್‌ಡೌನ್, ಎದುರಾಳಿ ಕೈಗೆ ಹೋದದ್ದು ಬರೀ 6. ಹಿಂದಿನ ವರ್ಷ ನೂರಕ್ಕೆ 58 ಗುರಿ ಸೇರಿಸುತ್ತಿದ್ದವನು ಈಗ 76 ಸೇರಿಸಿದ್ದ. ಏಪ್ರಿಲ್‌ನಲ್ಲಿ ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ತಂಡ ಮೊಟ್ಟಮೊದಲು ಅವನನ್ನೇ ಆರಿಸಿತು. ಕೊರೋನಾ ಕಾಲ, ಸಮಾರಂಭ ಇಲ್ಲ. ದಿ ಪ್ಲೇನ್ಸ್‌ನ ಮನೆಯಲ್ಲೇ ಅಪ್ಪ ಅಮ್ಮನ ಜೊತೆ ಕೂತು ಸುದ್ದಿ ಕೇಳಿದ. ಟೀ ಶರ್ಟಿನ ಮೇಲೆ 740 ಅಂತಿತ್ತು, ಅದು ಆ ಸೀಮೆಯ ಫೋನ್ ಕೋಡ್.

ನಮ್ಮ ಕೊಲಂಬಸ್‌ನವರು ಈಗಲೂ ‘ಅವನು ನಮ್ಮವನೇ’ ಅಂತಾರೆ. 39 ಎಸೆತದ ಸಂಬಂಧ! ಎದುರಿಗೆ ಯಾರೂ ನಗುವುದಿಲ್ಲ, ಮಿಶಿಗನ್‌ನವರನ್ನು ಬಿಟ್ಟು.

ಯೂಟ್ಯೂಬ್‌ನಲ್ಲಿ ಟೆಕ್ಸಸ್ ಪಂದ್ಯದ ಕೊನೆಯ ಹತ್ತು ನಿಮಿಷ ಸಿಗುತ್ತದೆ, ಮೊದಲು ಅದನ್ನೇ ನೋಡು. ನಿಯಮ ಅರ್ಥವಾಗದಿದ್ದರೆ ಭಾನುವಾರ ಫೋನ್ ಮಾಡು, ಆದರೆ ನಿಮ್ಮ ಸಂಜೆ ಆರರ ಮೇಲೆ ಮಾಡು ಮಾರಾಯ, ಅದಕ್ಕೂ ಮುಂಚೆ ನನಗಿಲ್ಲಿ ಬೆಳಕೇ ಹರಿದಿರುವುದಿಲ್ಲ. ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ,
ರಘು